ತಂಗಿಯ ಸೊಂಟದ ಹಗ್ಗ

ಹಗ್ಗ ಹಿಡಿದುಕೊಂಡು ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಆಮೇಲೆ ನಿಜ ಹೇಳಬೇಕಾಗಿತ್ತು, ಹೇಳಲಿಲ್ಲ. ಮೊದಲನೆಯದು ಎರಡು ನಿಮಿಷದ ತಪ್ಪು. ಎರಡನೆಯದನ್ನು ಮೂವತ್ತೆಂಟು ವರ್ಷ ಮಾಡುತ್ತಲೇ ಬಂದೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಈಗ ಸಿಂದಗಿಯಲ್ಲಿ ಪಂಪು ಮೋಟಾರು ರಿಪೇರಿ ಮಾಡುತ್ತೇನೆ. ಬಾವಿಯಲ್ಲಿ ಮೋಟಾರು ಬಿದ್ದರೆ ಮುಳುಗಿ ಎತ್ತುವುದೂ ನನ್ನದೇ ಕೆಲಸ. ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ನಾನು ಇಳಿಯದ ಬಾವಿ ಕಡಿಮೆ. ಜನ ನನ್ನನ್ನು ನೀರಿನ ಮನುಷ್ಯ ಎನ್ನುತ್ತಾರೆ. ಹಾಗೆ ಅಂದಾಗಲೆಲ್ಲ ನನಗೆ ನನ್ನ ತಂಗಿಯ ನೆನಪಾಗುತ್ತದೆ.

ನಮ್ಮ ಊರು ಬಸವನ ಬಾಗೇವಾಡಿ ತಾಲೂಕಿನಲ್ಲಿ. ಹೊಲದಲ್ಲಿ ಮೆಟ್ಟಿಲಿದ್ದ ಬಾವಿ ಇತ್ತು. ಮನೆಯ ಮಕ್ಕಳೆಲ್ಲ ಈಜು ಕಲಿತದ್ದು ಅದರಲ್ಲೇ. ಮೊದಲು ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟುತ್ತಿದ್ದರು. ಒಂದು ವಾರ ಕೈಕಾಲು ಬಡಿದ ಮೇಲೆ ಬುರುಡೆ ತೆಗೆದು, ಸೊಂಟಕ್ಕೆ ಪುಂಡಿ ನಾರಿನ ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಹಿರಿಯರ ಕೈಯಲ್ಲಿ. ಈಜುವವರು ನಡುನಡುವೆ "ಹಿಡದೀಯೇನು?" ಎಂದು ಕೂಗಬೇಕು, ನಿಂತವರು "ಹಿಡದೇನಿ" ಎನ್ನಬೇಕು. ಮುಳುಗುವಂತೆ ಕಂಡರೆ ಎಳೆಯಬೇಕು. ಅಷ್ಟೇ ನಿಯಮ. ಹಗ್ಗವನ್ನು ಎಲ್ಲಿಗೂ ಕಟ್ಟುವಂತಿಲ್ಲ, ಕೈಯಲ್ಲೇ ಇರಬೇಕು.

ಆ ಬೇಸಿಗೆಯಲ್ಲಿ ನನಗೆ ಹದಿನೈದು, ತಂಗಿಗೆ ಒಂಬತ್ತು. ಅವಳಿಗೆ ಕಲಿಸುವ ಪಾಳಿ ನನ್ನದು. ಬುರುಡೆ ಬಿಟ್ಟು ಹಗ್ಗಕ್ಕೆ ಬಂದ ಎರಡನೆಯ ದಿನ, ಬಾಗೇವಾಡಿಯಿಂದ ಮಿಸ್ತ್ರಿಯೊಬ್ಬ ಬಂದು ಬಾವಿಯ ದಂಡೆಯ ಮೇಲೆ ನಮ್ಮ ಪಂಪು ಬಿಚ್ಚಿ ಕೂತಿದ್ದ. ಪಂಪಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಗ್ಗದ ತುದಿಯನ್ನು ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ಒಂದು ಕಲ್ಲು ಹೇರಿ ಮೇಲೆ ಹತ್ತಿದೆ.

"ಅಣ್ಣಾ, ಹಿಡದೀಯೇನು?" ಕೆಳಗಿನಿಂದ ದನಿ ಬಂತು.

"ಹಿಡದೇನಿ," ಎಂದೆ. ನನ್ನ ಕಣ್ಣು ಮಿಸ್ತ್ರಿಯ ಕೈಯಲ್ಲಿದ್ದ ತಾಮ್ರದ ತಂತಿಯ ಮೇಲಿತ್ತು.

ಎರಡನೆಯ ಸಲ ಅವಳು ಕೇಳಲಿಲ್ಲ. ಎತ್ತುಗಳಿಗೆ ನೀರು ಕುಡಿಸಲು ಬಂದ ಕಾಕಾ ಬಾವಿಗೆ ಇಣುಕಿದವರು ಧೋತರದ ಸಮೇತ ಹಾರಿದರು. ಜಡೆ ಹಿಡಿದು ಮೇಲೆ ತಂದರು. ಅವಳನ್ನು ಚಪ್ಪಡಿಯ ಮೇಲೆ ಬೋರಲು ಹಾಕಿ ಬೆನ್ನು ಒತ್ತುತ್ತಿದ್ದಾಗ ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಹಗ್ಗ ಇನ್ನೂ ಸೊಂಟದಲ್ಲಿತ್ತು. ಕಲ್ಲಿನ ಕೆಳಗಿಂದ ಜಾರಿಹೋಗಿದ್ದ ತುದಿ ನೀರಲ್ಲಿ ತೇಲುತ್ತಿತ್ತು. ನಾನು ಅಳುತ್ತಾ ಅವಳ ಪಕ್ಕ ಕೂತೆ. ಅಳುತ್ತಲೇ ಅವಳ ಹೊಟ್ಟೆಯ ಕೆಳಗೆ ಕೈ ತೂರಿಸಿ ಗಂಟು ಬಿಚ್ಚಿದೆ.

ಅಪ್ಪ ಓಡಿ ಬಂದು ಮೊದಲು ಕೇಳಿದ್ದೇ ಅದನ್ನು. "ಹಗ್ಗಾ ಎಲ್ಲೈತಿ?"

"ಆಕೀನ ಬಿಚ್ಚಗೊಂಡ್ಳಪ್ಪಾ. ಬ್ಯಾಡಂದ್ರೂ ಕೇಳಲಿಲ್ಲ," ಎಂದೆ. ಬಿಚ್ಚಿದ ಹಗ್ಗವನ್ನು ಎತ್ತಿ ತೋರಿಸಿದೆ.

ಎರಡು ದಿನ ಅವಳಿಗೆ ಜ್ವರ. ಮೂರನೆಯ ದಿನ ಅಪ್ಪ ಅವಳ ಕಿವಿ ಹಿಂಡಿ, ಇನ್ನು ಬಾವಿಯ ಕಡೆ ಹೋಗಕೂಡದು ಎಂದರು. "ನಾ ಬಿಚ್ಚಿಲ್ಲ" ಎಂದು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಅವಳಿಗೆ ನೀರೊಳಗೆ ಹೋದದ್ದೊಂದೇ ನೆನಪಿತ್ತು. "ಬಿಚ್ಚಿರಬೇಕು, ನನಗ ನೆಪ್ಪಿಲ್ಲ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಈಜು ಕಲಿತ ಮಕ್ಕಳಿಗೆ ನಮ್ಮ ಮನೆಯಲ್ಲಿ ಗಂಟನ್ನು ಬೆನ್ನಿನ ಕಡೆ ಹಾಕುವುದು ಶುರುವಾಯಿತು, ಮಕ್ಕಳ ಕೈಗೆ ಎಟುಕಬಾರದೆಂದು. ತಮ್ಮ, ಕಾಕಾನ ಮಕ್ಕಳು, ಆಮೇಲೆ ನನ್ನ ಮಗ, ಎಲ್ಲರೂ ಹಾಗೆಯೇ ಕಲಿತರು. ಯಾಕೆ ಎಂದು ಕೇಳಿದವರಿಗೆ ಮನೆಯವರು ತಂಗಿಯ ಕತೆ ಹೇಳುತ್ತಿದ್ದರು. ಅವಳ ಮದುವೆಯಲ್ಲಿ ಗಂಡ ತಾಳಿ ಕಟ್ಟುವಾಗ ನಮ್ಮ ಸೋದರತ್ತೆ, "ಗಟ್ಟಿ ಕಟ್ಟೋ ತಮ್ಮಾ, ಈಕಿ ಗಂಟು ಬಿಚ್ಚಾಕಿ" ಎಂದಳು. ಚಪ್ಪರವೆಲ್ಲ ನಕ್ಕಿತು. ತಂಗಿಯೂ ತಲೆ ತಗ್ಗಿಸಿಕೊಂಡೇ ನಕ್ಕಳು. ನಾನೂ ನಕ್ಕೆ.

ತಂಗಿ ಓದಿದಳು, ಮುದ್ದೇಬಿಹಾಳದಲ್ಲಿ ಶಾಲೆಯ ಶಿಕ್ಷಕಿಯಾದಳು. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇಲ್ಲ. ಆದರೆ ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುತ್ತಾಳೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುತ್ತಾಳೆ. ಗಂಡ ಸ್ಕೂಟಿ ತಂದುಕೊಟ್ಟರೂ ಹತ್ತಲಿಲ್ಲ. "ನನ್ನ ಕೈ ಮ್ಯಾಲ ನನಗ ನಂಬಿಕಿಲ್ಲಣ್ಣಾ. ಅವು ಯಾವಾಗ ಏನ್ ಮಾಡ್ತಾವೋ ನನಗ ಗೊತ್ತಾಗಂಗಿಲ್ಲ," ಎಂದು ಒಮ್ಮೆ ನನ್ನೆದುರೇ ಹೇಳಿದಳು. ನಾನು ಚಹಾ ಕುಡಿದು ಎದ್ದು ಬಂದೆ.

ಕಳೆದ ಚಳಿಗಾಲದಲ್ಲಿ ಶಾಲೆಯ ಶಿಕ್ಷಕರೆಲ್ಲ ಸೇರಿ ಗೋವಾಕ್ಕೆ ಹೋಗಿದ್ದರು. ಅಲ್ಲಿ ಹಾಯಿದೋಣಿಯಲ್ಲಿ ಸಮುದ್ರದೊಳಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಕೊಟ್ಟು, ತೇಲುತ್ತ ನೀರಿನ ಕೆಳಗೆ ನೋಡುವುದನ್ನು ಮಾಡಿಸುತ್ತಾರಂತೆ. ಎಲ್ಲರೂ ಹೋದರು. ತಂಗಿ ದಂಡೆಯ ಮೇಲೆ ಎಲ್ಲರ ಚಪ್ಪಲಿ, ಮೊಬೈಲು ಕಾಯುತ್ತ ಕೂತಳು. ಬರುವಾಗ ದಂಡೆಯ ಅಂಗಡಿಯಲ್ಲಿ ಆ ಗಾಜು, ಕೊಳವೆ ಕೊಂಡು ತಂದಿದ್ದಳು. ನನಗೆ ಫೋನ್ ಮಾಡಿದಳು.

"ಅಣ್ಣಾ, ನೀ ನೀರಿನ ಮನಷಾ. ನನಗ ಒಮ್ಮಿ ನೀರಾಗ ಮುಖಾ ಇಟ್ಟು ನೋಡಬೇಕಾಗೈತಿ. ಸಾಲಿಯವರ ಮುಂದ ಬ್ಯಾಡ. ನೀ ಇದ್ರ ಇಳೀತೇನಿ."

ನೀನು ಇದ್ದರೆ ಎಂದಳು. ಆ ದಿನ ಹೇಳಿಬಿಡುತ್ತೇನೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಅದು ಮೊದಲನೆಯ ಸಲವಲ್ಲ.

ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ನನಗೆ ಪರಿಚಯ. ಅವರನ್ನು ನಾನು ಮಾಮಾ ಎನ್ನುತ್ತೇನೆ, ಅವರು ನನ್ನನ್ನು ಮಿಸ್ತ್ರಿ ಎನ್ನುತ್ತಾರೆ. ಅವರ ದೋಣಿಗೆ ಎಂಜಿನ್ ಇಲ್ಲ. ಯೂರಿಯಾ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು ಮಾಡಿದ ಹಾಯಿ ಇದೆ. ಬಿದಿರಿಗೆ ಕಟ್ಟಿ ಎತ್ತಿದರೆ ಗಾಳಿಯೇ ಒಯ್ಯುತ್ತದೆ. ಒಂದು ರವಿವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ದೋಣಿ ನಮ್ಮಿಬ್ಬರಿಗೇ ಎಂದು ಮಾತಾಯಿತು. ನಾನು, ತೇಲಲು ಹಿಡಿದುಕೊಳ್ಳುವುದಕ್ಕೆಂದು ಒಂದು ಲಾರಿ ಟ್ಯೂಬ್ ತೆಗೆದುಕೊಂಡು, ವಿಜಯಪುರದ ಮೇಲೆ ಬಂದೆ. ತಂಗಿ ನಿಡಗುಂದಿಯಲ್ಲಿ ಬಸ್ಸು ಬದಲಿಸಿ ಬಂದಳು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಡಿಗೆ ಮೊಸರು ತೆಗೆದುಕೊಂಡೆವು.

ಮಾಮಾ ಗಾಜು, ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಕಾರ, ಇದನ್ನ ಕಚ್ಚಿಕೊಂಡು ಏನ್ ಮಾಡ್ತೀರಿ? ಹುಕ್ಕಾ ಇದ್ದಂಗ ಐತಲ್ರಿ."

"ನೀರಾಗಿನ ಮೀನಾ ನೋಡೂದ್ರಿ ಮಾಮಾ."

"ನಾ ನಲವತ್ತು ವರ್ಷ ಆತ್ರಿ, ಮೀನಾ ಬುಟ್ಟ್ಯಾಗ ನೋಡ್ತೇನಿ. ಕಣ್ಣಿಗೆ ಗಾಜು ಬೇಕಾಗಿಲ್ರಿ."

ತಂಗಿ ನಕ್ಕಳು. ಹಾಯಿ ಏರಿಸಿದರು. ಚೀಲಗಳ ಮೇಲಿನ ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. ಮೂಡಗಾಳಿ ತುಂಬಿದ ಕೂಡಲೇ ದೋಣಿ ಸದ್ದಿಲ್ಲದೆ ಹೊರಟಿತು. ಎಂಜಿನ್ ಸದ್ದಿನಲ್ಲೇ ದಿನ ಕಳೆಯುವವನಿಗೆ ಆ ಮೌನ ಕಸಿವಿಸಿಯಾಯಿತು. ಸೇತುವೆಯ ಮೇಲಿನ ಲಾರಿಗಳು ಸಣ್ಣದಾಗುತ್ತ ಹೋದವು. ಈಗ ಹೇಳಲೇ ಎಂದುಕೊಂಡೆ. ಮಾಮಾ ಎದುರಿಗಿದ್ದರು. ಅದೊಂದು ನೆಪ ಸಿಕ್ಕಿತು.

ಮೊದಲು ನೀರಿನ ನಡುವೆ ಎದ್ದಿದ್ದ ಒಂದು ದಿಬ್ಬಕ್ಕೆ ಹೋದೆವು. ಅಲ್ಲಿ ಸೊಂಟದ ಮಟ್ಟದ ನೀರು. ತಂಗಿ ಚೂಡಿದಾರದ ಓಢಣಿಯನ್ನು ದೋಣಿಯಲ್ಲಿಟ್ಟು ಇಳಿದಳು. ನೀರು ತಣ್ಣಗಿತ್ತು. ಕೊಳವೆಯಲ್ಲಿ ಉಸಿರಾಡಲು ನಾನೂ ಕಲಿತವನಲ್ಲ. ಇಬ್ಬರೂ ಸೇರಿ ಕಲಿತೆವು. ಮೊದಲ ಸಲ ಅವಳು ಮೂಗಿನಲ್ಲಿ ಉಸಿರೆಳೆದು ಕೆಮ್ಮಿದಳು. ನಾಲ್ಕನೆಯ ಸಲಕ್ಕೆ ಮುಖ ನೀರಿನಲ್ಲೇ ನಿಂತಿತು. ತಲೆ ಎತ್ತಿದಾಗ ಗಾಜಿನೊಳಗೆ ಅವಳ ಕಣ್ಣುಗಳು ದೊಡ್ಡವಾಗಿದ್ದವು.

"ಏನ್ ಕಂಡ್ತು?" ಎಂದೆ.

"ನನ್ನ ಕಾಲು ಕಂಡ್ವು. ಮತ್ತೊಂದು ಸಣ್ಣ ಮೀನಾ, ಬೆರಳಿನಷ್ಟು. ನನ್ನ ಹೆಬ್ಬೆರಳಿಗೆ ಬಂದು ಮುಟ್ಟಿ ಹೋತು." ಮತ್ತೆ ಮುಖ ಮುಳುಗಿಸಿದಳು.

ಕೃಷ್ಣೆಯ ನೀರು ಗೋವಾದ ಸಮುದ್ರದಂತಲ್ಲ. ಒಂದು ಮೊಳದಾಚೆಗೆ ಎಲ್ಲ ಹಸಿರು. ಅಷ್ಟೇ ಅವಳಿಗೆ ಸಾಕಾಗಿತ್ತು. ಒಂದು ಗಂಟೆ ಬಿಟ್ಟು ದಿಬ್ಬದ ಮೇಲೆ ಕೂತು ರೊಟ್ಟಿ ತಿಂದೆವು. ತಿನ್ನುತ್ತ ಅವಳೇ ಹೇಳಿದಳು. "ಅಣ್ಣಾ, ಕಾಲಿಗೆ ನೆಲಾ ಸಿಗಲಾರದ ಕಡೆ ಒಮ್ಮಿ ಬಿಡು. ಟ್ಯೂಬು ಹಿಡಕೊಂಡ ಇರ್ತೇನಿ. ನನ್ನ ಸೊಂಟಕ್ಕ ಹಗ್ಗಾ ಕಟ್ಟು."

"ಹಗ್ಗಾ ಯಾಕ? ಟ್ಯೂಬ್ ಐತಲ್ಲ."

"ಹಗ್ಗಾ ಇರಲಿ. ಗಂಟು ಹಿಂದ ಹಾಕು. ಈ ಸಲ ನಾ ಬಿಚ್ಚಂಗಿಲ್ಲ. ಆದ್ರೂ ನನ್ನ ಕೈಗೆ ಸಿಗಬಾರ್ದು."

ಅವಳು ಬೆನ್ನು ತೋರಿಸಿ ನಿಂತಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರುವಂತಿರಲಿಲ್ಲ. ನಾನು ದೋಣಿಯಲ್ಲಿದ್ದ ನೈಲಾನ್ ಹಗ್ಗ ತೆಗೆದುಕೊಂಡು ಬೆನ್ನಿನ ಮೇಲೆ ಗಂಟು ಹಾಕಿದೆ. ಬಿಗಿಯಾಗಿಯೇ ಹಾಕಿದೆ.

ದೋಣಿಯನ್ನು ದಿಬ್ಬದಿಂದ ಸ್ವಲ್ಪ ದೂರ ಒಯ್ದು, ಮಾಮಾ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಲಂಗರೆಂದು ಕೆಳಗೆ ಬಿಟ್ಟರು. ಹಾಯಿಯನ್ನು ಪೂರ್ತಿ ಇಳಿಸದೆ ಅರ್ಧ ಸುತ್ತಿಟ್ಟರು. ತಂಗಿ ಲಾರಿಯ ಟ್ಯೂಬ್ ತಬ್ಬಿಕೊಂಡು ನೀರಿಗಿಳಿದು, ಮುಖ ಒಳಗಿಟ್ಟು ಕಾಲು ಬಡಿಯುತ್ತ ಹೋದಳು. ಕೊಳವೆಯ ತುದಿ ಮಾತ್ರ ಮೇಲೆ. ನಡುವೆ ಒಮ್ಮೆ ಬಾಯಿಂದ ಕೊಳವೆ ತೆಗೆದು ಕೂಗಿದಳು.

"ಹಿಡದೀಯೇನು?"

"ಹಿಡದೇನಿ," ಎಂದೆ. ಎರಡೂ ಕೈಯಲ್ಲಿ ಹಿಡಿದಿದ್ದೆ.

ಗಾಳಿ ಒಮ್ಮೆಲೇ ಜೋರಾಯಿತು. ಅರ್ಧ ಸುತ್ತಿದ್ದ ಹಾಯಿ ಬಿಚ್ಚಿಕೊಂಡು ಉಬ್ಬಿತು. ಕೆಳಗೆ ಕಲ್ಲು ಜಾರಿತು. ದೋಣಿ ಸರಿಯತೊಡಗಿತು. ಸಡಿಲವಾಗಿ ಮುಳುಗಿದ್ದ ಹಗ್ಗ ನನ್ನ ಕೈಯಲ್ಲಿ ಬಿಗಿಯಾಯಿತು. ನೋಡಿದರೆ ಟ್ಯೂಬ್ ಒಂದೇ ತೇಲುತ್ತಿತ್ತು. ತಂಗಿ ಇರಲಿಲ್ಲ.

ನಾನು ಎಳೆದೆ. ಬಾವಿಯಲ್ಲಿ ಕಲಿತವನಿಗೆ ಬೇರೆ ಏನೂ ಹೊಳೆಯುವುದಿಲ್ಲ. ಮುಳುಗಿದರೆ ಎಳೆಯಬೇಕು, ಎಳೆದರೆ ಮೇಲೆ ಬರುತ್ತಾರೆ. ಬಾವಿಯಲ್ಲಿ ಹಗ್ಗಕ್ಕೂ ಮನುಷ್ಯನಿಗೂ ನಡುವೆ ನೀರು ಬಿಟ್ಟರೆ ಏನೂ ಇರುವುದಿಲ್ಲ. ಇಲ್ಲಿ ಕೆಳಗೆ, ಅಣೆಕಟ್ಟಿನ ನೀರು ನಿಲ್ಲುವ ಮೊದಲು ಬೆಳೆದಿದ್ದ ಜಾಲಿಯ ಕಂಟಿಗಳು, ಮುಳ್ಳಿನ ಪೊದೆಗಳು, ಹಾಗೆಯೇ ಇದ್ದವು. ಹಗ್ಗ ಒಂದು ಬೊಡ್ಡೆಯನ್ನು ಸುತ್ತಿ ಹೋಗಿತ್ತು. ದೋಣಿ ಸರಿದಷ್ಟೂ, ನಾನು ಎಳೆದಷ್ಟೂ ಅವಳು ಆ ಬೊಡ್ಡೆಯ ಕಡೆಗೆ, ಕೆಳಗೆ ಹೋಗುತ್ತಿದ್ದಳು.

"ಎಳೀಬ್ಯಾಡ ಮಿಸ್ತ್ರಿ, ಬಿಡು. ಕಂಟಿಗೆ ಸಿಕ್ಕೈತಿ, ಹಗ್ಗಾ ಬಿಡು!"

ಮಾಮಾ ಹೇಳಿದ್ದು ಕಿವಿಗೆ ಬಿತ್ತು. ತಲೆಗೂ ಹೋಯಿತು. ಕೈ ಬಿಡಲಿಲ್ಲ. ಇನ್ನೊಮ್ಮೆ ಬಿಡುವುದಿಲ್ಲ ಎಂದೇ ಹಿಡಿದಿದ್ದ ಹಗ್ಗ ಅದು. ಎಷ್ಟು ಹೊತ್ತೆಂದು ಹೇಳಲಾರೆ. ಮಾಮಾ ದೋಣಿಯ ಹುಟ್ಟು ಎತ್ತಿ ನನ್ನ ಮುಂಗೈಗೆ ಬಲವಾಗಿ ಹೊಡೆದರು. ಆಗ ಬಿಟ್ಟೆ. ಬಿಟ್ಟವನೇ ನೀರಿಗೆ ಹಾರಿದೆ.

ನಾನು ತಲುಪುವ ಮೊದಲೇ ಹಗ್ಗ ಸಡಿಲಾಗಿ ಅವಳು ಮೇಲೆ ಬಂದಿದ್ದಳು. ಗಾಜು ಕುತ್ತಿಗೆಗೆ ಜಾರಿತ್ತು, ಕೊಳವೆ ಇರಲಿಲ್ಲ. ಅವಳ ತಲೆಯನ್ನು ಹೆಗಲ ಮೇಲೆ ತೆಗೆದುಕೊಂಡೆ. ಮಾಮಾ ಹಾಯಿ ಕೆಡವಿ, ಹುಟ್ಟು ಹಾಕಿಕೊಂಡು ಬಂದು ಬಲೆ ಕೊಯ್ಯುವ ಚೂರಿಯಿಂದ ಅವಳ ಬೆನ್ನ ಹಿಂದೆ ಹಗ್ಗ ಕೊಯ್ದರು. ಇಬ್ಬರೂ ಸೇರಿ ಮೇಲೆ ಎತ್ತಿದೆವು. ಅವಳು ಬಹಳ ಹೊತ್ತು ಕೆಮ್ಮಿದಳು, ವಾಂತಿ ಮಾಡಿಕೊಂಡಳು. ಮಾಮಾ ತಮ್ಮ ಚಾದರ ಹೊದಿಸಿದರು.

ಹಲ್ಲು ಕಟಕಟ ಎನ್ನುತ್ತಿರುವಾಗಲೇ ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ನಾ ಬಿಚ್ಚಲಿಲ್ಲ ನೋಡು. ಕೈ ಹಿಂದಕ ಹೋಗಿತ್ತು. ನಾನ ಮುಂದ ತಂದ ಇಟ್ಕೊಂಡೆ."

ಅವಳ ಮುಖದಲ್ಲಿ ಸಮಾಧಾನವಿತ್ತು. ಕೆಳಗೆ ಉಸಿರು ಕಟ್ಟಿದಾಗ, ಗಂಟಿಗೆ ಹೋದ ಕೈಯನ್ನು ಅವಳೇ ಮುಂದಕ್ಕೆ ತಂದಿದ್ದಳು. ಅಣ್ಣ ಮೇಲೆ ಹಿಡಿದಿದ್ದಾನೆ, ಬಿಚ್ಚಬಾರದು ಎಂದು.

ಆಗ ಹೇಳಿದೆ. ಮಾಮಾ ಎದುರಿಗೇ ಹೇಳಿದೆ. "ಆವತ್ತೂ ನೀ ಬಿಚ್ಚಿಲ್ಲ ತಂಗಿ. ನಾ ಹಗ್ಗಾ ಕಲ್ಲಿನ ಕೆಳಗ ಇಟ್ಟು ಮ್ಯಾಲ ಪಂಪ್ ನೋಡಾಕ ಹೋಗಿದ್ದೆ. ನಿನ್ನ ಮ್ಯಾಲ ತಂದಾಗ ಹಗ್ಗಾ ನಿನ್ನ ಸೊಂಟದಾಗ ಇತ್ತು. ಬಿಚ್ಚಿದಾಂವ ನಾ."

ಮಾಮಾ ನಮಗೆ ಬೆನ್ನು ಮಾಡಿ ಹಾಯಿಯ ಹಗ್ಗ ಸರಿ ಮಾಡಲು ಶುರು ಮಾಡಿದರು. ತಂಗಿ ಚಾದರದ ಅಂಚಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ನಾ ಕೂಗಿದ್ದೆ. ನೀ 'ಹಿಡದೇನಿ' ಅಂದಿದ್ದಿ. ಅದು ನನಗ ನೆಪ್ಪೈತಿ."

"ಅಂದಿದ್ದೆ."

"ಅಪ್ಪಗ ಗೊತ್ತಿತ್ತೇನು?"

"ಇಲ್ಲ. ಯಾರಿಗೂ ಗೊತ್ತಿಲ್ಲ."

"ಅಪ್ಪ ಸಾಯೂತನಕ ನನ್ನ ಕೈಯಾಗ ಒಂದು ದೀಪಾ ಕೊಟ್ರೂ ಜ್ವಾಕಿ ಜ್ವಾಕಿ ಅಂತಿದ್ದ. ನೀ ಅಲ್ಲೇ ಕುಂತಿರತಿದ್ದಿ." ಚಾದರವನ್ನು ಬಿಗಿಯಾಗಿ ಎಳೆದುಕೊಂಡಳು. "ನನ್ನ ಮದಿವ್ಯಾಗ ಅತ್ತಿ ಅಂದಾಗ ನೀನೂ ನಕ್ಕಿ. ನಾ ನಿನ್ನ ಮುಖಾ ನೋಡಿದ್ದೆ."

"ನನ್ನಿಂದ ತಪ್ಪ..." ಎಂದು ಶುರು ಮಾಡಿದೆ.

"ಇಲ್ಲಿ ಬ್ಯಾಡ," ಎಂದಳು. "ನೀರ ನಡುವ, ಮೀನಾ ಕೇಳೂವಂಗ ಹೇಳಬ್ಯಾಡ. ನನ್ನ ನೋಡಿ ಯಾರ ನಗತಾರೋ ಅವರ ಮುಂದ ಹೇಳು. ಹೇಳೂತನಕ ನನಗ ಫೋನ್ ಮಾಡಬ್ಯಾಡ."

ದಂಡೆಗೆ ಬಂದಾಗ ಇನ್ನೂ ಮಧ್ಯಾಹ್ನ ಆಗಿರಲಿಲ್ಲ. ಇಳಿಯುವಾಗ ಮಾಮಾ ನನ್ನ ಹೆಗಲು ಹಿಡಿದು, "ಕೈ ಊದೈತಿ, ಅರಿಷಿಣಾ ಹಚ್ಚು" ಎಂದರು. ತಂಗಿ ನಿಡಗುಂದಿಯ ಬಸ್ಸು ಹತ್ತಿದಳು. ನಾನು ಕೈ ಎತ್ತಿದೆ. ಅವಳು ಮುಂದಿನ ಸೀಟು ನೋಡುತ್ತ ಕೂತಿದ್ದಳು.

ಐದು ವಾರ ಫೋನ್ ಮಾಡಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗದೆ, "ಅದಕ್ಕ ಇಷ್ಟು ವರ್ಷ ನಿಮ್ಮ ತಂಗಿ ಬಂದಾಗೆಲ್ಲ ನೀವು ಕೆಲಸಾ ಐತಿ ಅಂತ ಹೊರಗ ಹೋಗತಿದ್ರಿ" ಎಂದಳು. ನಾನು ಹಾಗೆ ಮಾಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಆರನೆಯ ವಾರ ಊರಿನಲ್ಲಿ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಎಲ್ಲರೂ ಬಂದಿದ್ದರು. ಅವಳನ್ನು ನೀರಿನಿಂದ ತೆಗೆದ ಕಾಕಾಗೆ ಈಗ ಎಂಬತ್ತರ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ಸೋದರತ್ತೆಗೆ ಹಲ್ಲಿಲ್ಲ, ಬಾಯಿ ಹಾಗೆಯೇ ಇದೆ. ಹೆಂಗಸರು ತೊಟ್ಟಿಲನ್ನು ತೊಲೆಗೆ ಕಟ್ಟುತ್ತಿದ್ದರು. ತಂಗಿ ಹಿಡಿಯಲು ಕೈ ಚಾಚಿದಾಗ ಅತ್ತೆ ಹೇಳಿದಳು.

"ಹಗ್ಗಾ ಆಕಿ ಕೈಯಾಗ ಕೊಡಬ್ಯಾಡ್ರೆವ್ವಾ. ಕೂಸು ಕೆಳಗ ಬಿದ್ದೀತು."

ಎಲ್ಲರೂ ನಕ್ಕರು. ಬಾವಿ ನೋಡದ ಸೊಸೆಯರೂ ನಕ್ಕರು. ತಂಗಿ ಕೈ ಹಿಂದೆ ತೆಗೆದುಕೊಂಡು ನನ್ನ ಕಡೆ ನೋಡಿದಳು.

ನಾನು ಗಂಡಸರ ಸಾಲಿನಿಂದ ಎದ್ದೆ. "ಅತ್ತೀ, ಒಂದೀಟು ಸುಮ್ಮಕಿರು," ಎಂದೆ. ದನಿ ಜೋರಾಗಿಯೇ ಬಂದಿರಬೇಕು, ಒಳಗಿನ ಖೋಲಿಯಿಂದಲೂ ಇಣುಕಿ ನೋಡಿದರು. ಕಲ್ಲು, ಪಂಪು, ಮಿಸ್ತ್ರಿ, ಅವಳ ಹೊಟ್ಟೆಯ ಕೆಳಗೆ ತೂರಿಸಿದ ನನ್ನ ಕೈ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಕಾಕಾ ಕಿವಿಗೆ ಕೈ ಅಡ್ಡ ಇಟ್ಟು ಕೇಳಿದರು. "ನಾ ತಂದಾಗ ಹಗ್ಗಾ ಇತ್ತಂತ ನನಗ ಅನಸಿತ್ತು. ನೀ ಹೇಳಿದ್ದಕ್ಕ ನಂದ ತಪ್ಪಿರಬೇಕು ಅಂತ ಬಿಟ್ಟೆ," ಎಂದರು.

ತಂಗಿ ತೊಟ್ಟಿಲ ಹತ್ತಿರವೇ ನಿಂತಿದ್ದಳು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ನಿಂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ನೀ ಏನೂ ಮಾಡಿದ್ದಿಲ್ಲವಾ. ಮಾಡಿದಾಂವ ನಾ, ಸುಳ್ಳು ಹೇಳಿದಾಂವ ನಾ, ನಿನ್ನ ನೋಡಿ ನಕ್ಕಾಂವ ನಾ. ತಪ್ಪಾತು ತಂಗಿ. ನನ್ನ ತಪ್ಪು ಹೊಟ್ಯಾಗ ಹಾಕ್ಕೊ."